ಬೀಗ ಹಾಕಿದ ದಿನಗಳ ಬಾಕಿ

2021ರ ಅಕ್ಟೋಬರ್ 25, ಸೋಮವಾರ. ರಾಜ್ಯದಲ್ಲಿ ಒಂದರಿಂದ ಐದನೇ ತರಗತಿಯ ಮಕ್ಕಳು ಮತ್ತೆ ಶಾಲೆಗೆ ಬಂದ ದಿನ. ಊರೂರಿನ ಶಾಲೆ ಬಾಗಿಲಿಗೆ ಮಾವಿನೆಲೆಯ ತೋರಣ, ಅಂಗಳದಲ್ಲಿ ರಂಗೋಲಿ, ಒಳಗೆ ಬರುವ ಮಕ್ಕಳ ಕೈಗೊಂದು ಹೂವು. ನಲಿ-ಕಲಿ ಕೋಣೆಯಲ್ಲಿ ದಾರಕ್ಕೆ ತೂಗುಬಿಟ್ಟ ಕಾಗದದ ಚಿತ್ರಗಳು ಧೂಳು ಹಿಡಿದು ಸುರುಟಿಕೊಂಡಿದ್ದವು. ಒಂದನೇ ತರಗತಿಯಲ್ಲಿದ್ದಾಗ ಮನೆಗೆ ಹೋದ ಮಗು ಹಾಜರಿ ಪುಸ್ತಕದಲ್ಲಿ ಈಗ ಮೂರನೇ ತರಗತಿ. ಹಳೆಯ ಸಮವಸ್ತ್ರ ಗಿಡ್ಡವಾಗಿ ಮೊಣಕಾಲಿನ ಮೇಲಕ್ಕೆ ಸರಿದಿತ್ತು.

ನಲಿ-ಕಲಿ ಪದ್ಧತಿಯಲ್ಲಿ ಕಲಿಕಾ ಏಣಿ ಎಂಬುದೊಂದಿದೆ. ಯಾವ ಮಗು ಯಾವ ಮೆಟ್ಟಿಲಿನಲ್ಲಿದೆ ಎಂದು ನೋಡಿ ಮೇಡಂ ಅದನ್ನು ಆಯಾ ತಟ್ಟೆಯ ಗುಂಪಿಗೆ ಕೂರಿಸುತ್ತಾರೆ. ಅಂದು ಹಾಗೆ ಕೂರಿಸಲು ಹೊರಟ ಶಿಕ್ಷಕಿಯರ ಮುಂದೆ, ಕಾಗುಣಿತ ದಾಟಿ ಒತ್ತಕ್ಷರಕ್ಕೆ ಬಂದಿರಬೇಕಾದ ಮಕ್ಕಳು ಮೂಲಾಕ್ಷರದಲ್ಲೇ ತಡವರಿಸುತ್ತ ನಿಂತಿದ್ದರು. ಏಣಿಯ ಬುಡದ ಮೆಟ್ಟಿಲಲ್ಲಿ ಒಂದರಿಂದ ಮೂರನೇ ತರಗತಿಯವರೆಲ್ಲ ಒಟ್ಟಿಗೆ.

ಲಾಕ್‌ಡೌನ್ ಎಂದರೆ ನಮಗೆ ನೆನಪಾಗುವುದು ಖಾಲಿ ರಸ್ತೆ, ತಟ್ಟೆ ಬಡಿದ ಸಂಜೆ, ಹಾಲಿನ ಅಂಗಡಿ ಮುಂದೆ ಸುಣ್ಣದಲ್ಲಿ ಎಳೆದ ವೃತ್ತಗಳು. ನನಗೆ ಮಾತ್ರ ಆ ಮಾತು ಬಂದಾಗಲೆಲ್ಲ ಈ ಏಣಿಯೇ ಕಣ್ಣಿಗೆ ಕಟ್ಟುತ್ತದೆ. ಲಾಕ್‌ಡೌನ್ ಬೇಕಿತ್ತೇ, ಬೇಡವಾಗಿತ್ತೇ ಎಂಬ ವಾದ ಅರಳೀಕಟ್ಟೆಯಿಂದ ವಿಶ್ವವಿದ್ಯಾಲಯದವರೆಗೆ ನಡೆದಿದೆ. ಬಹುತೇಕರು ಜೀವವನ್ನು ಒಂದು ತಟ್ಟೆಯಲ್ಲಿ, ಜೀವನೋಪಾಯವನ್ನು ಇನ್ನೊಂದರಲ್ಲಿ ಇಟ್ಟು ತೂಗುತ್ತಾರೆ. ಪ್ರಧಾನಿ ನರೇಂದ್ರ ಮೋದಿ ಅವರೂ ಮೊದಲು ‘ಜಾನ್ ಹೈ ತೋ ಜಹಾನ್ ಹೈ’ (ಜೀವವಿದ್ದರೆ ಜಗತ್ತು) ಎಂದವರು, 2020ರ ಏಪ್ರಿಲ್ 11ರಂದು ಮುಖ್ಯಮಂತ್ರಿಗಳ ಜೊತೆಗಿನ ಸಭೆಯಲ್ಲಿ ‘ಜಾನ್ ಭೀ, ಜಹಾನ್ ಭೀ’ (ಜೀವವೂ ಬೇಕು, ಜಗತ್ತೂ ಬೇಕು) ಎಂದರು. ಈ ತಕ್ಕಡಿ ಹಿಡಿದು ಕೂತರೆ ಉತ್ತರ ಸಿಗುವುದಿಲ್ಲ ಎಂಬುದು ನನ್ನ ಅಭಿಪ್ರಾಯ. ಬೀಗ ಹಾಕಿ ನಾವು ಕೊಂಡದ್ದು ಏನು, ಅದರ ಬೆಲೆ ಯಾರ ಗಂಟಿನಿಂದ ಹೋಯಿತು ಎಂದು ಕೇಳಿಕೊಂಡರೆ ದಾರಿ ಸ್ವಲ್ಪ ತಿಳಿಯಾಗುತ್ತದೆ.

ನಾಲ್ಕು ಗಂಟೆಯ ಗಡುವು

ದೇಶದ ಮೊದಲ ಕೋವಿಡ್ ಸಾವು ನಮ್ಮ ಕಲಬುರಗಿಯದು. ಹಿರಿಯರೊಬ್ಬರು 2020ರ ಮಾರ್ಚ್ 10ರಂದು ತೀರಿಕೊಂಡರು. ಅದು ಕೋವಿಡ್ ಎಂದು ಖಚಿತವಾದದ್ದು ಎರಡು ದಿನದ ಮೇಲೆ. ಮಾರ್ಚ್ 22ರ ಭಾನುವಾರ ಜನತಾ ಕರ್ಫ್ಯೂ. 24ರ ಮಂಗಳವಾರ ರಾತ್ರಿ 8ಕ್ಕೆ ಪ್ರಧಾನಿ ಟಿ.ವಿ.ಯಲ್ಲಿ ಮಾತಾಡಿದರು, ನಡುರಾತ್ರಿ 12ಕ್ಕೆ ದೇಶಕ್ಕೆ ಬೀಗ ಬಿತ್ತು. ಅಂದಿಗೆ ದೇಶದಲ್ಲಿ ಪತ್ತೆಯಾಗಿದ್ದ ಪ್ರಕರಣಗಳು ಸುಮಾರು 500. ಮೊದಲು 21 ದಿನ ಎಂದದ್ದು ಮೇ 3ಕ್ಕೆ, ಮೇ 17ಕ್ಕೆ, ಮೇ 31ಕ್ಕೆ ಎಂದು ಕಂತುಕಂತಾಗಿ ಬೆಳೆಯಿತು. ಯಾವ ಸರ್ಕಾರ ಎಷ್ಟು ಬಿಗಿ ನಿರ್ಬಂಧ ಹಾಕಿದೆ ಎಂದು ಆಕ್ಸ್‌ಫರ್ಡ್ ವಿಶ್ವವಿದ್ಯಾಲಯ ಅಂಕ ಕೊಟ್ಟು ಅಳೆಯುತ್ತಿತ್ತು. ಆರಂಭದ ವಾರಗಳಲ್ಲಿ ಭಾರತಕ್ಕೆ ಬಿದ್ದದ್ದು 100ಕ್ಕೆ 100.

ಲಾಕ್‌ಡೌನ್ ರೋಗವನ್ನು ವಾಸಿ ಮಾಡುವುದಿಲ್ಲ. ಕೆರೆಗೆ ಒಂದೇ ರಾತ್ರಿಯಲ್ಲಿ ನೀರು ನುಗ್ಗಿದರೆ ಏರಿ ಒಡೆದು ಊರು ಕೊಚ್ಚಿಹೋಗುತ್ತದೆ. ಅಷ್ಟೇ ನೀರನ್ನು ತೂಬಿನಿಂದ ಬಿಟ್ಟರೆ ಹಲವು ದಿನ ಹರಿದು ಹೋಗುತ್ತದೆ. ಸೋಂಕಿತರೆಲ್ಲ ಒಂದೇ ವಾರದಲ್ಲಿ ಆಸ್ಪತ್ರೆ ಬಾಗಿಲಿಗೆ ಬರದಂತೆ ತಡೆಯುವುದು, ಆ ಬಿಡುವಿನಲ್ಲಿ ಹಾಸಿಗೆ, ಆಮ್ಲಜನಕ, ಸಿಬ್ಬಂದಿ, ಪರೀಕ್ಷಾಲಯ ಸಿದ್ಧಮಾಡಿಕೊಳ್ಳುವುದು, ಸಾಧ್ಯವಾದರೆ ಲಸಿಕೆ ಬರುವವರೆಗೆ ತಳ್ಳುವುದು, ಇಷ್ಟೇ ಅದರ ಕೆಲಸ. ಮಾರ್ಚ್ 16ರಂದು ಲಂಡನ್ನಿನ ಇಂಪೀರಿಯಲ್ ಕಾಲೇಜಿನ ತಂಡವೊಂದು, ಏನೂ ಮಾಡದೆ ಕೈಕಟ್ಟಿ ಕೂತರೆ ಬ್ರಿಟನ್ನಿನಲ್ಲಿ 5.1 ಲಕ್ಷ, ಅಮೆರಿಕದಲ್ಲಿ 22 ಲಕ್ಷ ಜನ ಸಾಯಬಹುದು ಎಂದು ಅಂದಾಜಿಸಿತ್ತು. ಆ ಅಂದಾಜು ಎದುರಿಗಿದ್ದಾಗ ಬಾಗಿಲು ಮುಚ್ಚಿದ ಸರ್ಕಾರಗಳನ್ನು ಇವತ್ತು ಕೂತು ಬಯ್ಯುವುದು ಸುಲಭ. ನಾನು ಬಯ್ಯಲಾರೆ. ನನ್ನ ತಕರಾರು ಬೀಗ ಹಾಕಿದ ರೀತಿಯ ಬಗ್ಗೆ, ಬೀಗ ತೆಗೆಯುವುದನ್ನು ಮರೆತ ಜಾಗಗಳ ಬಗ್ಗೆ.

ಬೀಗಕ್ಕೆ ಬಳಸಿದ್ದು ಎರಡು ಕಾನೂನು: 2005ರ ವಿಪತ್ತು ನಿರ್ವಹಣಾ ಕಾಯ್ದೆ, 1897ರ ಸಾಂಕ್ರಾಮಿಕ ರೋಗಗಳ ಕಾಯ್ದೆ. ಎರಡನೆಯದು ಮುಂಬೈ ಪ್ಲೇಗಿನ ಕಾಲದ್ದು. ಮರುವರ್ಷ ಪ್ಲೇಗು ಬೆಂಗಳೂರಿಗೂ ಬಂತು. ಜನರನ್ನು ಇಕ್ಕಟ್ಟಿನಿಂದ ಹೊರಗೆ ತರಬೇಕು ಎಂಬುದು ಆಗ ಕಲಿತ ಪಾಠ. ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು ಬೆಳೆದದ್ದು ಆ ಹಿನ್ನೆಲೆಯಲ್ಲಿ. ಹಳ್ಳಿಗಳಲ್ಲಿ ಇಲಿ ಬಿದ್ದರೆ ಊರಿಗೆ ಊರೇ ಹೊಲದಲ್ಲಿ ಗುಡಿಸಲು ಹಾಕಿಕೊಂಡು ಇರುತ್ತಿತ್ತು ಎಂಬುದನ್ನು ಅಜ್ಜ-ಅಜ್ಜಿಯರಿಂದ ಕೇಳಿದವರು ಈಗಲೂ ಇದ್ದಾರೆ. 2020ರಲ್ಲಿ ಅದೇ ಹಳೆಯ ಕಾಯ್ದೆ, ಹತ್ತಡಿ ಕೋಣೆಯಲ್ಲಿದ್ದ ಐದಾರು ಜನಕ್ಕೆ ಒಳಗೇ ಇರಿ ಎಂದಿತು.

ಭಯ ಮುಚ್ಚಿಸಿದ್ದೆಷ್ಟು, ಆದೇಶ ಮುಚ್ಚಿಸಿದ್ದೆಷ್ಟು

ಸಾಂಕ್ರಾಮಿಕದಿಂದಾದ ನಷ್ಟ ಬೇರೆ, ಲಾಕ್‌ಡೌನ್‌ನಿಂದಾದ ನಷ್ಟ ಬೇರೆ. ಆದೇಶವೇ ಇಲ್ಲದಿದ್ದರೂ ಜನ ಹೋಟೆಲಿಗೆ ಹೋಗುತ್ತಿರಲಿಲ್ಲ, ಮದುವೆ ಮುಂದಕ್ಕೆ ಹಾಕುತ್ತಿದ್ದರು, ಬಸ್ಸು ಹತ್ತಲು ಹೆದರುತ್ತಿದ್ದರು. ವಾದ ಮಾಡುವವರು ಈ ಎರಡನ್ನೂ ಒಂದೇ ಮೂಟೆಯಲ್ಲಿ ಕಟ್ಟಿಬಿಡುತ್ತಾರೆ.

ಶಿಕಾಗೊ ವಿಶ್ವವಿದ್ಯಾಲಯದ ಅರ್ಥಶಾಸ್ತ್ರಜ್ಞರಾದ ಆಸ್ಟನ್ ಗೂಲ್ಸ್‌ಬೀ ಮತ್ತು ಚಾಡ್ ಸೈವರ್ಸನ್ ಈ ಮೂಟೆ ಬಿಚ್ಚಿ ನೋಡಿದರು. ಅಮೆರಿಕದ ಅಕ್ಕಪಕ್ಕದ ಊರುಗಳಲ್ಲಿ ಒಂದು ಕಡೆ ನಿರ್ಬಂಧವಿತ್ತು, ಇನ್ನೊಂದು ಕಡೆ ಇರಲಿಲ್ಲ. ಜನ ಅಂಗಡಿಗಳಿಗೆ ಹೋಗಿಬಂದದ್ದನ್ನು ಮೊಬೈಲ್ ಫೋನುಗಳ ಗುರುತಿನಿಂದ ಲೆಕ್ಕಹಾಕಿದಾಗ ಓಡಾಟ ಶೇ 60ರಷ್ಟು ಕುಸಿದಿತ್ತು. ಆ 60ರಲ್ಲಿ ಆದೇಶದ ಪಾಲು ಬರೀ 7. ಉಳಿದದ್ದು ಜನರ ಸ್ವಂತ ಭಯ. ಡೆನ್ಮಾರ್ಕ್ ಬಾಗಿಲು ಮುಚ್ಚಿತು, ಪಕ್ಕದ ಸ್ವೀಡನ್ ಬಹುಪಾಲು ತೆರೆದೇ ಇಟ್ಟಿತು. ಕೋಪನ್‌ಹೇಗನ್ನಿನ ಸಂಶೋಧಕರು ಬ್ಯಾಂಕ್ ಗ್ರಾಹಕರ ಖರ್ಚು ಹೋಲಿಸಿದಾಗ ಡೆನ್ಮಾರ್ಕಿನಲ್ಲಿ ಅದು ಶೇ 29ರಷ್ಟು, ಸ್ವೀಡನ್ನಿನಲ್ಲಿ ಶೇ 25ರಷ್ಟು ಇಳಿದಿತ್ತು. ವ್ಯತ್ಯಾಸ ಇಷ್ಟೇ.

ಇವೆರಡನ್ನು ಮುಂದಿಟ್ಟುಕೊಂಡು ಲಾಕ್‌ಡೌನ್‌ನಿಂದ ಹೆಚ್ಚಿನ ನಷ್ಟವೇನೂ ಆಗಲಿಲ್ಲ ಎನ್ನುವವರಿದ್ದಾರೆ. ನಮ್ಮ ದೇಶದ ಮಟ್ಟಿಗೆ ನಾನದನ್ನು ಒಪ್ಪಲಾರೆ. ಭಯಪಟ್ಟು ಮನೆಯಲ್ಲಿ ಕೂರಬೇಕಾದರೂ ಡಬ್ಬಿಯಲ್ಲಿ ಅಕ್ಕಿ ಇರಬೇಕು, ಖಾತೆಯಲ್ಲಿ ಸಂಬಳ ಬೀಳುತ್ತಿರಬೇಕು. ಕೆ.ಆರ್. ಮಾರುಕಟ್ಟೆಯ ಹಮಾಲಿಗೆ, ತಳ್ಳುಗಾಡಿಯಲ್ಲಿ ಸೊಪ್ಪು ಮಾರುವವಳಿಗೆ ಆ ಅನುಕೂಲ ಇರಲಿಲ್ಲ. ಅವರು ಹೆದರಿಕೊಂಡೇ ಕೆಲಸಕ್ಕೆ ಹೋಗುತ್ತಿದ್ದರು. ಅವರನ್ನು ತಡೆದದ್ದು ಆದೇಶ ಮತ್ತು ಪೊಲೀಸರ ಲಾಠಿ. ನಮ್ಮಲ್ಲಿ ದುಡಿಯುವವರಲ್ಲಿ ಹತ್ತಕ್ಕೆ ಒಂಬತ್ತು ಮಂದಿ ಅಸಂಘಟಿತರು. ಆದ್ದರಿಂದ ನಷ್ಟದಲ್ಲಿ ಆದೇಶದ ಪಾಲು ಅಮೆರಿಕಕ್ಕಿಂತ ಇಲ್ಲಿ ಬಹಳ ದೊಡ್ಡದಿರಬೇಕು.

ಇನ್ನೊಂದು ಗುಂಪಿನ ವಾದವೂ ಇದೆ. 2020ರ ಅಕ್ಟೋಬರಿನಲ್ಲಿ ಸುನೇತ್ರಾ ಗುಪ್ತಾ, ಜಯ್ ಭಟ್ಟಾಚಾರ್ಯ, ಮಾರ್ಟಿನ್ ಕುಲ್ಡಾರ್ಫ್ ಎಂಬ ಮೂವರು ‘ಗ್ರೇಟ್ ಬ್ಯಾರಿಂಗ್ಟನ್ ಘೋಷಣೆ’ ಹೊರಡಿಸಿ, ವಯಸ್ಸಾದವರನ್ನು ಕಾಪಾಡಿ, ಉಳಿದವರನ್ನು ಅವರ ಪಾಡಿಗೆ ಬದುಕಲು ಬಿಡಿ ಎಂದರು. ಅದೇ ತಿಂಗಳು ‘ಜಾನ್ ಸ್ನೋ ಮನವಿ’ ಎಂಬ ಹೆಸರಿನಲ್ಲಿ ಹಲವು ವಿಜ್ಞಾನಿಗಳು, ಸಮಾಜದ ಒಂದು ಭಾಗವನ್ನು ಹಾಗೆ ಬೇರ್ಪಡಿಸಿ ಕಾಯುವುದು ಆಗದ ಮಾತು ಎಂದು ಉತ್ತರ ಕೊಟ್ಟರು. ಅಜ್ಜಿಯ ಮಗ್ಗುಲಲ್ಲೇ ಮೊಮ್ಮಕ್ಕಳು ಮಲಗುವ ಒಂದೂವರೆ ಕೋಣೆಯ ಮನೆಗಳನ್ನು ಕಂಡ ನನಗೆ ಈ ಉತ್ತರವೇ ಸರಿ ಎನಿಸುತ್ತದೆ. ಆದರೆ ಮಕ್ಕಳ ಶಾಲೆ ಮುಚ್ಚಬೇಡಿ ಎಂದು ಮೊದಲ ಗುಂಪು ಹೇಳಿದ್ದನ್ನು ನಾವು ಕಿವಿಗೆ ಹಾಕಿಕೊಳ್ಳಬೇಕಿತ್ತು.

ಗುಳೆ ಹೋದವರು ಮರಳಿದ ದಾರಿ

ರಾಯಚೂರು, ಯಾದಗಿರಿ, ಕಲಬುರಗಿ, ವಿಜಯಪುರದ ಕಡೆಯಿಂದ ಸುಗ್ಗಿ ಮುಗಿಯುತ್ತಿದ್ದಂತೆ ಸಂಸಾರ ಸಮೇತ ಬೆಂಗಳೂರಿಗೆ ಗುಳೆ ಬರುವವರಿದ್ದಾರೆ. ಕಟ್ಟಡದ ಪಕ್ಕದಲ್ಲೇ ತಗಡಿನ ಶೆಡ್ಡು, ಮೇಸ್ತ್ರಿಯ ಕೈಯಿಂದ ವಾರದ ಬಟವಾಡೆ, ಅದರಲ್ಲೇ ಮುಂದಿನ ವಾರದ ಸಂತೆ. ಬೀಗ ಬಿದ್ದದ್ದು ಮಂಗಳವಾರ ರಾತ್ರಿ. ವಾರದ ಕೂಲಿ ಕೈಗೆ ಬಂದಿರಲಿಲ್ಲ. ಬಸ್ಸಿಲ್ಲ, ರೈಲಿಲ್ಲ. ಹಗಲು ಬಿಸಿಲು, ರಾತ್ರಿ ಪೊಲೀಸರ ಭಯ. ಆದರೂ ಹೆದ್ದಾರಿ ಹಿಡಿದು ಹೊರಟರು, ತಲೆಯ ಮೇಲೆ ಗಂಟು, ಕಂಕುಳಲ್ಲಿ ಕೂಸು.

ಸಿಕ್ಕಿಹಾಕಿಕೊಂಡ ಕಾರ್ಮಿಕರಿಗೆ ನೆರವಾಗಲು ಹುಟ್ಟಿಕೊಂಡ ‘ಸ್ವಾನ್’ ಎಂಬ ಸ್ವಯಂಸೇವಕರ ಜಾಲ, ಮೊದಲ ಮೂರು ವಾರದಲ್ಲಿ ತಾನು ಮಾತಾಡಿಸಿದ 11 ಸಾವಿರಕ್ಕೂ ಹೆಚ್ಚು ಜನರ ಸ್ಥಿತಿಯನ್ನು ವರದಿ ಮಾಡಿತು. ಅವರಲ್ಲಿ ಶೇ 96ರಷ್ಟು ಮಂದಿಗೆ ಸರ್ಕಾರದ ಪಡಿತರ ಸಿಕ್ಕಿರಲಿಲ್ಲ. ಶೇ 89ರಷ್ಟು ಮಂದಿಗೆ ಮಾಲೀಕರು ಕೂಲಿ ಕೊಟ್ಟಿರಲಿಲ್ಲ. ಮಾರ್ಚ್ 26ರಂದೇ ಕೇಂದ್ರ 1.70 ಲಕ್ಷ ಕೋಟಿ ರೂಪಾಯಿಯ ನೆರವು ಘೋಷಿಸಿ ತಲೆಗೆ ತಿಂಗಳಿಗೆ 5 ಕೆ.ಜಿ. ಧಾನ್ಯ ಕೊಡುತ್ತೇವೆಂದಿತ್ತು. ಆದರೆ ಕಾರ್ಡು ಬಿಹಾರದಲ್ಲಿ, ಹೊಟ್ಟೆ ಬೆಂಗಳೂರಿನಲ್ಲಿ.

ಮೇ 1ರಿಂದ ಶ್ರಮಿಕ್ ರೈಲುಗಳು ಶುರುವಾದವು. ಮೇ 5ರಂದು ನಮ್ಮ ರಾಜ್ಯ ಸರ್ಕಾರ ಕಟ್ಟಡ ಉದ್ಯಮಿಗಳ ಜೊತೆ ಸಭೆ ನಡೆಸಿದ ಬೆನ್ನಿಗೆ ಆ ರೈಲುಗಳು ಬೇಡ ಎಂದು ರೈಲ್ವೆಗೆ ಬರೆಯಿತು. ಕೆಲಸ ಮತ್ತೆ ಶುರುವಾಗುತ್ತಿದೆ, ಆಳುಗಳು ಬೇಕು ಎಂಬುದು ಕಾರಣ. ಟೀಕೆಗಳ ಸುರಿಮಳೆಯಾದ ಮೇಲೆ ಎರಡು ದಿನದಲ್ಲಿ ಆ ನಿರ್ಧಾರ ಹಿಂದಕ್ಕೆ ಹೋಯಿತು. ಮನುಷ್ಯ ಊರಿಗೆ ಹೋಗಬೇಕೋ ಬೇಡವೋ ಎಂಬುದನ್ನು ಬೇರೆಯವರು ಕೂತು ತೀರ್ಮಾನಿಸಿದ ಆ ಎರಡು ದಿನಗಳನ್ನು ನಾವು ಮರೆಯಬಾರದು. ಮೇ 8ರ ನಸುಕಿನಲ್ಲಿ ಔರಂಗಾಬಾದ್ ಬಳಿ, ನಡೆದು ದಣಿದು ಹಳಿಯ ಮೇಲೆ ಮಲಗಿದ್ದ 16 ಕಾರ್ಮಿಕರ ಮೇಲೆ ಗೂಡ್ಸ್ ರೈಲು ಹರಿಯಿತು.

ಸೆಪ್ಟೆಂಬರಿನಲ್ಲಿ ಸಂಸತ್ತಿನಲ್ಲಿ ಪ್ರಶ್ನೆ ಬಂತು: ಊರಿಗೆ ಮರಳುವಾಗ ಎಷ್ಟು ಜನ ಸತ್ತರು? ಸುಮಾರು 1.04 ಕೋಟಿ ಜನ ತಮ್ಮ ರಾಜ್ಯಗಳಿಗೆ ಮರಳಿದ ಲೆಕ್ಕ ಕೇಂದ್ರ ಕಾರ್ಮಿಕ ಸಚಿವಾಲಯದ ಬಳಿ ಇತ್ತು. ಸತ್ತವರ ಲೆಕ್ಕ ಇಟ್ಟಿಲ್ಲ ಎಂಬ ಉತ್ತರ ಬಂತು. ಲೆಕ್ಕವಿಲ್ಲದ್ದರಿಂದ ಪರಿಹಾರದ ಪ್ರಶ್ನೆಯೂ ಉಳಿಯಲಿಲ್ಲ.

ಊರು ಸೇರಿದವರನ್ನು ಹಿಡಿದುಕೊಂಡದ್ದು ಉದ್ಯೋಗ ಖಾತ್ರಿ. 2020–21ರಲ್ಲಿ ದೇಶದಲ್ಲಿ ಆ ಯೋಜನೆಯಡಿ 389 ಕೋಟಿ ಮಾನವ ದಿನಗಳ ಕೆಲಸ ನಡೆಯಿತು, ಅದುವರೆಗಿನ ದಾಖಲೆ. ಓದು ಮುಗಿಸಿ ನಗರದಲ್ಲಿ ಕೆಲಸಕ್ಕಿದ್ದ ಹುಡುಗರೂ ಕೆರೆ ಹೂಳೆತ್ತಲು ಗುದ್ದಲಿ ಹಿಡಿದರು.

ಜಿಡಿಪಿಗೆ ಕಾಣದ ಅಂಗಡಿ

2020ರ ಏಪ್ರಿಲ್–ಜೂನ್ ತ್ರೈಮಾಸಿಕದಲ್ಲಿ ದೇಶದ ಉತ್ಪಾದನೆ ಹಿಂದಿನ ವರ್ಷಕ್ಕಿಂತ ಶೇ 23.9ರಷ್ಟು ಕುಸಿಯಿತು ಎಂದು ಮೊದಲ ಅಂದಾಜು ಹೇಳಿತು. ಕಟ್ಟಡ ನಿರ್ಮಾಣ ಅರ್ಧಕ್ಕಿಳಿದಿತ್ತು. ಕೃಷಿ ಮಾತ್ರ ಶೇ 3.4ರಷ್ಟು ಮೇಲೆದ್ದಿತ್ತು. ಆದರೆ ಈ ಅಂದಾಜು ಸಿದ್ಧವಾಗುವುದು ಬಹುಮಟ್ಟಿಗೆ ಲೆಕ್ಕಪತ್ರ ಇಡುವ ಕಂಪನಿಗಳ ಅಂಕಿಯಿಂದ. ಬೀದಿ ಬದಿಯ ಇಸ್ತ್ರಿ ಅಂಗಡಿ, ಕ್ಷೌರದಂಗಡಿ, ಎಗ್ ರೈಸ್ ಗಾಡಿಗಳಿಗೆ ಎಷ್ಟು ಏಟು ಬಿತ್ತು ಎಂಬುದನ್ನು ಆ ಕಂಪನಿಗಳ ಏರಿಳಿತ ನೋಡಿ ಊಹಿಸುತ್ತಾರೆ. ಮುಚ್ಚಿದ ಗಾಡಿಗೆ ಲೆಕ್ಕಪುಸ್ತಕವಿರುವುದಿಲ್ಲ.

ಸಿಎಂಐಇ ಸಂಸ್ಥೆಯ ಕುಟುಂಬ ಸಮೀಕ್ಷೆ ಆ ಗಾಡಿಗಳಿಗೆ ಸ್ವಲ್ಪ ಹತ್ತಿರ ಹೋಯಿತು. ಏಪ್ರಿಲ್ ಒಂದೇ ತಿಂಗಳಲ್ಲಿ 12.2 ಕೋಟಿ ಜನ ಕೆಲಸ ಕಳೆದುಕೊಂಡರು, ಅವರಲ್ಲಿ 9.1 ಕೋಟಿ ಮಂದಿ ಸಣ್ಣ ವ್ಯಾಪಾರಿಗಳು ಮತ್ತು ದಿನಗೂಲಿಗಳು ಎಂದು ಅದು ಅಂದಾಜಿಸಿತು.

ಮೇ 6ರಂದು ಆಗಿನ ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪ 1,610 ಕೋಟಿ ರೂಪಾಯಿಯ ನೆರವು ಪ್ರಕಟಿಸಿದರು. ಅಗಸರಿಗೆ, ಕ್ಷೌರಿಕರಿಗೆ, ಆಟೊ ಮತ್ತು ಟ್ಯಾಕ್ಸಿ ಚಾಲಕರಿಗೆ ತಲಾ 5,000 ರೂಪಾಯಿ. ತೋಟದಲ್ಲೇ ಹೂವು ಕೊಳೆಯಲು ಬಿಟ್ಟ ಬೆಳೆಗಾರರಿಗೆ ಹೆಕ್ಟೇರಿಗೆ 25,000. ಹೆಸರು ಹಿಡಿದು ವೃತ್ತಿಗಳನ್ನು ಗುರುತಿಸಿದ್ದು ಒಳ್ಳೆಯ ನಡೆ, ಅದನ್ನು ಮೆಚ್ಚಬೇಕು. ಆದರೆ ಹಣ ಬೇಕಾದವರು ಸೇವಾ ಸಿಂಧು ಜಾಲತಾಣದಲ್ಲಿ ಅರ್ಜಿ ಹಾಕಬೇಕಿತ್ತು. ಅಕ್ಷರ ಬಾರದವನಿಗೆ, ಸ್ಮಾರ್ಟ್‌ಫೋನ್ ಇಲ್ಲದವನಿಗೆ ಸೈಬರ್ ಕೆಫೆಯೇ ಗತಿ. ಎರಡು ತಿಂಗಳ ಬಾಡಿಗೆ, ಕೈಸಾಲದ ಬಡ್ಡಿ ಕಟ್ಟಿದರೆ ಆ ಐದು ಸಾವಿರದಲ್ಲಿ ಉಳಿಯುವುದೇನು?

ಹೆಂಗಸರ ಪಾಲಿಗೆ ಈ ಏಟು ಇನ್ನೂ ಆಳಕ್ಕೆ ಇಳಿಯಿತು. ಬೆಂಗಳೂರಿನ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯ 2021ರಲ್ಲಿ ಹೊರತಂದ ವರದಿಯ ಪ್ರಕಾರ, ಕೆಲಸ ಕಳೆದುಕೊಂಡು 2020ರ ಕೊನೆಗೂ ಮರಳದ ಗಂಡಸರು ಶೇ 7ರಷ್ಟಿದ್ದರೆ ಹೆಂಗಸರು ಶೇ 47ರಷ್ಟು. ಬಸ್ಸಿಲ್ಲದೆ ಗಾರ್ಮೆಂಟ್ಸ್‌ಗೆ ಹೋಗಲಾಗದವರು, ಶಾಲೆ ಇಲ್ಲದ ಮಕ್ಕಳನ್ನು ಮನೆಯಲ್ಲಿ ಬಿಟ್ಟು ಬರಲಾಗದವರು, ಅಪಾರ್ಟ್‌ಮೆಂಟಿನ ಗೇಟಿನಲ್ಲೇ ತಡೆಸಿಕೊಂಡ ಮನೆಗೆಲಸದವರು, ಎಲ್ಲರೂ ಆ 47ರೊಳಗೆ ಬರುತ್ತಾರೆ.

ಆಸ್ಪತ್ರೆಗಳ ಲೆಕ್ಕವೂ ಹೀಗೆಯೇ. 2019ರಲ್ಲಿ ದೇಶದಲ್ಲಿ ದಾಖಲಾದ ಕ್ಷಯ ರೋಗಿಗಳು ಸುಮಾರು 24 ಲಕ್ಷ. 2020ರಲ್ಲಿ ಸುಮಾರು 18 ಲಕ್ಷ. ಕ್ಷಯ ಕಡಿಮೆಯಾಗಿರಲಿಲ್ಲ, ಕೆಮ್ಮುತ್ತಿದ್ದವರು ಆಸ್ಪತ್ರೆಗೆ ಬರಲಾಗಲಿಲ್ಲ.

ಕೊಂಡ ಕಾಲ ಏನಾಯಿತು

ಕೊಂಡ ಕಾಲವೆಲ್ಲ ವ್ಯರ್ಥವಾಯಿತು ಎಂದರೆ ಸುಳ್ಳಾಗುತ್ತದೆ. 2020ರ ಮಾರ್ಚ್‌ ಹೊತ್ತಿಗೆ ದೇಶದಲ್ಲಿ ಪಿಪಿಇ ಕಿಟ್ ತಯಾರಿಕೆ ಹೆಸರಿಗಷ್ಟೇ ಇತ್ತು. ಮೇ ಹೊತ್ತಿಗೆ ದಿನಕ್ಕೆ ಲಕ್ಷಗಟ್ಟಲೆ ಹೊಲಿಯುತ್ತಿದ್ದರು, ಅದರಲ್ಲಿ ಬೆಂಗಳೂರಿನದೇ ದೊಡ್ಡ ಪಾಲು. ಮೈಸೂರಿನ ಸ್ಕ್ಯಾನ್‌ರೇ ಕಂಪನಿಯ ವಿನ್ಯಾಸ ಹಿಡಿದು ಬಿಇಎಲ್ ಸಾವಿರಾರು ವೆಂಟಿಲೇಟರ್ ತಯಾರಿಸಿತು. ವೈದ್ಯರು ಈ ಹೊಸ ಕಾಯಿಲೆಯನ್ನು ಓದಿಕೊಂಡರು. ಇವೆಲ್ಲ ಆ ವಾರಗಳಲ್ಲಿ ಸಿಕ್ಕ ಫಲ, ಅದರಿಂದ ಉಳಿದ ಜೀವಗಳಿವೆ.

ಆಮೇಲೆ ನಾವು ಮೈಮರೆತೆವು. 2021ರ ಮೇ 2ರ ರಾತ್ರಿಯಿಂದ 3ರ ಬೆಳಗಿನೊಳಗೆ ಚಾಮರಾಜನಗರದ ಜಿಲ್ಲಾಸ್ಪತ್ರೆಯಲ್ಲಿ 24 ಜನ ಪ್ರಾಣ ಬಿಟ್ಟರು. ಮೈಸೂರಿನಿಂದ ಬರಬೇಕಿದ್ದ ಆಮ್ಲಜನಕ ಹೊತ್ತಿಗೆ ಬಂದಿರಲಿಲ್ಲ. ಮೊದಲ ಬೀಗ ಹಾಕಿ ಆಗಲೇ 13 ತಿಂಗಳು ಕಳೆದಿತ್ತು. ದಿನಗೂಲಿಯವರ ಬಟವಾಡೆಯಿಂದ, ಮಕ್ಕಳ ಅಕ್ಷರದಿಂದ ಬೆಲೆ ತೆತ್ತು ಕೊಂಡ ಕಾಲ ಅದು. ಅದರಲ್ಲಿ ಗಡಿ ಜಿಲ್ಲೆಯೊಂದಕ್ಕೆ ಸಾಕಾಗುವಷ್ಟು ಆಮ್ಲಜನಕದ ಏರ್ಪಾಡು ಆಗಲಿಲ್ಲ ಎಂಬುದನ್ನು ಬರೆಯುವಾಗ ಈಗಲೂ ಕೈ ತಡೆಯುತ್ತದೆ.

ಎಷ್ಟು ಜೀವ ಹೋಯಿತು ಎಂಬುದರಲ್ಲೇ ಒಮ್ಮತವಿಲ್ಲ. 2021ರ ಕೊನೆಗೆ ಸರ್ಕಾರದ ಲೆಕ್ಕ ಸುಮಾರು 4.8 ಲಕ್ಷ ಸಾವು. ಸಾಮಾನ್ಯ ವರ್ಷಗಳಿಗಿಂತ ಹೆಚ್ಚಾಗಿ ಸತ್ತವರು 47 ಲಕ್ಷ ಎಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜಿಸಿತು, ಭಾರತ ಅದನ್ನು ಒಪ್ಪಲಿಲ್ಲ. ಬೇರೆ ದೇಶಗಳು ತಮ್ಮ ನಿರ್ಧಾರಗಳ ಲೆಕ್ಕಕ್ಕೆ ಕೂತವು. ಸ್ವೀಡನ್ನಿನ ಆಯೋಗ 2022ರ ಫೆಬ್ರುವರಿಯಲ್ಲಿ, ಕಡ್ಡಾಯಕ್ಕಿಂತ ಸಲಹೆಯನ್ನೇ ನಂಬಿದ ದಾರಿ ಒಟ್ಟಾರೆ ಸರಿ, ಆದರೆ ಆರಂಭದಲ್ಲಿ ಇನ್ನಷ್ಟು ಬಿಗಿ ಬೇಕಿತ್ತು ಎಂದು ತನ್ನ ಸರ್ಕಾರಕ್ಕೇ ಹೇಳಿತು. ಬ್ರಿಟನ್ನಿನಲ್ಲಿ ಹೆದರ್ ಹ್ಯಾಲೆಟ್ ಅವರ ನೇತೃತ್ವದ ಕೋವಿಡ್ ವಿಚಾರಣೆಯ ಮುಂದೆ ಮಾಜಿ ಪ್ರಧಾನಿಯೇ ಬಂದು ಉತ್ತರ ಕೊಟ್ಟರು. ನಮ್ಮ ಲಾಕ್‌ಡೌನ್‌ಗೂ ಅಂಥದೊಂದು ಬಹಿರಂಗ ವಿಚಾರಣೆ ಬೇಕು. ಹೆದ್ದಾರಿಯಲ್ಲಿ ನಡೆದವರು ಅದರ ಮುಂದೆ ಕೂತು ಮಾತಾಡಬೇಕು.

ಏಣಿಯ ಬುಡದಲ್ಲಿ

ಮದ್ಯದಂಗಡಿ ನಮ್ಮಲ್ಲಿ 2020ರ ಮೇ 4ಕ್ಕೆ ತೆರೆಯಿತು. ಹೋಟೆಲು, ಮಾಲ್, ದೇವಸ್ಥಾನ ಜೂನ್ 8ಕ್ಕೆ. ಒಂದನೇ ತರಗತಿ ಇವೆಲ್ಲಕ್ಕಿಂತ ಬಹಳ ತಡವಾಗಿ. ಬೀಗ ತೆಗೆಯಲು ಮರೆತ ಜಾಗ ಎಂದದ್ದು ಇದನ್ನೇ.

ನಡುವೆ ಪ್ರಯತ್ನಗಳು ನಡೆದವು. 2020ರ ಆಗಸ್ಟಿನಲ್ಲಿ ‘ವಿದ್ಯಾಗಮ’ ಬಂತು. ಮೇಷ್ಟ್ರು, ಮೇಡಂಗಳು ದೇವಸ್ಥಾನದ ಜಗುಲಿ, ಮರದ ನೆರಳು, ಸಮುದಾಯ ಭವನಗಳಲ್ಲಿ ಮಕ್ಕಳನ್ನು ಗುಂಪು ಕೂರಿಸಿ ಪಾಠ ಹೇಳಿದರು. ಸೋಂಕಿನ ಸುದ್ದಿಗಳು ಬಂದು ಅಕ್ಟೋಬರಿನಲ್ಲಿ ಅದನ್ನು ನಿಲ್ಲಿಸಿದರು. ದೊಡ್ಡ ಮಕ್ಕಳಿಗೆ ಚಂದನ ವಾಹಿನಿಯಲ್ಲಿ ಪಾಠ ಬಂತು. ಮಲೆನಾಡಿನಲ್ಲಿ ನೆಟ್‌ವರ್ಕ್ ಹುಡುಕುತ್ತ ಮಕ್ಕಳು ಗುಡ್ಡ ಹತ್ತಿದರು. ಬಿಸಿಯೂಟದ ಬದಲು ಅಕ್ಕಿ, ಬೇಳೆ ಮನೆಗೆ ಹೋಯಿತು. ಆ ಅಕ್ಕಿ ಮನೆಯವರೆಲ್ಲರ ಪಾಲಾಯಿತು, ಅದರಲ್ಲಿ ತಪ್ಪೇನೂ ಇಲ್ಲ.

ಕರ್ನಾಟಕವೂ ಸೇರಿ ಐದು ರಾಜ್ಯಗಳ 16 ಸಾವಿರ ಮಕ್ಕಳನ್ನು ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯ 2021ರ ಜನವರಿ ಹೊತ್ತಿಗೆ ಪರೀಕ್ಷಿಸಿತ್ತು. ಹಿಂದಿನ ವರ್ಷ ಬರುತ್ತಿದ್ದ ಭಾಷಾ ಕೌಶಲಗಳಲ್ಲಿ ಕನಿಷ್ಠ ಒಂದನ್ನಾದರೂ ಕಳೆದುಕೊಂಡವರು ಶೇ 92. ಎರಡನೇ ತರಗತಿಯ ಪಾಠ ಓದಬಲ್ಲ ಮೂರನೇ ತರಗತಿ ಮಕ್ಕಳು ಗ್ರಾಮೀಣ ಕರ್ನಾಟಕದಲ್ಲಿ 2018ರಲ್ಲಿ ಶೇ 19ರಷ್ಟಿದ್ದರು. 2021ರ ‘ಅಸರ್’ ಸಮೀಕ್ಷೆಯಲ್ಲಿ ಶೇ 10ರ ಆಸುಪಾಸಿಗೆ ಇಳಿದಿದ್ದರು. ಮೊದಲೇ ಕಡಿಮೆ ಇದ್ದದ್ದು ಅರ್ಧವಾಯಿತು.

2022–23ನೇ ಸಾಲನ್ನು ರಾಜ್ಯ ಸರ್ಕಾರ ‘ಕಲಿಕಾ ಚೇತರಿಕೆ’ ವರ್ಷ ಎಂದು ಕರೆಯಿತು. ಮಾಮೂಲಿ ಪಠ್ಯದ ಜೊತೆಗೆ ಕಲಿಕಾ ಹಾಳೆಗಳು ಬಂದವು, ಹಿಂದಿನ ತರಗತಿಗಳ ಪಾಠ ಮತ್ತೆ ನಡೆಯಿತು. ಒಂದು ವರ್ಷದ ಮೇಲೆ ಅದು ಮುಗಿಯಿತು. ಆ ಸೋಮವಾರ ಗಿಡ್ಡ ಸಮವಸ್ತ್ರದಲ್ಲಿ ಮೂಲಾಕ್ಷರದ ತಟ್ಟೆಯ ಮುಂದೆ ಕೂತಿದ್ದ ಮಗು ನಡುವೆ ಎಲ್ಲೂ ಶಾಲೆ ಬಿಡದೆ ಓದುತ್ತಾ ಬಂದಿದ್ದರೆ, ಎಸ್‌ಎಸ್‌ಎಲ್‌ಸಿ ಬರೆಯುವುದು 2029ರಲ್ಲಿ.